ನಾನಾರ ಕತ್ತಿ
ರಾಮಮೂರ್ತಿ ನಗರದ ತವರಿನಲ್ಲಿ ಅಬ್ಬಾ ಪ್ರತಿ ಬಕ್ರೀದಿಗೂ ಕತ್ತಿಯನ್ನು ಸಾಣೆ ಹಿಡಿಯುತ್ತಿದ್ದರು. "ಇದು ದಾದಾರ ಕಾಲದ ಉಕ್ಕು" ಎಂಬ ಹೆಮ್ಮೆ ಬೇರೆ. ಅವರು ತೀರಿಕೊಂಡ ಮರುವರ್ಷ, ಹಳೆಯ ಉಕ್ಕಿನ ಊರೆಂದು ಕೇಳಿ, ಮಗನೊಂದಿಗೆ ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಗೆ ಹೋದೆ.

ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಚೂರು, ಕಟ್ಟಿಗೆ, ಎಲೆ ತುಂಬಿ, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸಿದರೆ ಉಕ್ಕಾಗುತ್ತಿತ್ತಂತೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಈ ಕಸುಬನ್ನು ವಿವರವಾಗಿ ಬರೆದಿದ್ದಾನೆ. ನಮ್ಮ 'ಉಕ್ಕು' ಪದವೇ ಇಂಗ್ಲಿಷರ ಬಾಯಲ್ಲಿ 'ವೂಟ್ಸ್' ಆಯಿತೆನ್ನುತ್ತಾರೆ. ಹೆಸರಾಂತ ಡಮಾಸ್ಕಸ್ ಖಡ್ಗಗಳಿಗೂ ದಕ್ಷಿಣ ಭಾರತದಿಂದ ಇಂಥ ಉಕ್ಕು ಹೋಗುತ್ತಿತ್ತು. ಕುಲುಮೆಗಳು ಆರಿ ಎಷ್ಟೋ ಕಾಲವಾಯಿತು.

"ಅಮ್ಮೀ, ನಾನಾರ ಕತ್ತಿಯೂ ಇಲ್ಲಿಯದೇ?" ಎಂದ ಮಗ. ಹೌದು ಎನ್ನಲು ನಾಲಿಗೆ ತುದಿಗೆ ಬಂದಿತ್ತು.

"ಗೊತ್ತಿಲ್ಲಪ್ಪಾ" ಎಂದೆ.

ಮುಂದಿನ ಬಕ್ರೀದಿಗೆ ಆ ಕತ್ತಿಗೆ ಸಾಣೆ ಹಿಡಿದವನು ಅವನೇ.