ನೋಡದೆ ಉಳಿದ ಹಡಗು

ಗಣೇಶ ಚತುರ್ಥಿಯ ರಜೆಯಲ್ಲಿ ಒಂದು ದಿನ. ಮುಂಬಯಿಯ ಮಳೆಯು ಹಿಡಿದ ಹಟವನ್ನು ಬಿಡದೆ ಮುಂಜಾನೆಯಿಂದ ಸುರಿಯುತ್ತಲಿತ್ತು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಬಾಗಿಲಲ್ಲಿ ಒಂಬತ್ತನೆಯ ತರಗತಿಯ ಏಳು ಮಂದಿ ವಿದ್ಯಾರ್ಥಿಗಳು, ಕೊಡೆಗಳಿಂದ ನೀರು ತೊಟ್ಟಿಕ್ಕಿಸುತ್ತ ನಮಗಾಗಿ ಕಾದು ನಿಂತಿದ್ದರು. ಬರುವೆವೆಂದು ಹೆಸರು ಕೊಟ್ಟವರು ಹದಿನೈದು ಮಂದಿ. ಉಳಿದವರನ್ನು ಮಳೆಯೋ ಮನೆಯ ಮೋದಕವೋ ತಡೆದಿರಬೇಕು. ಮರಳಿ ಹೋಗೋಣವೇ ಎಂದು ಒಂದು ಗಳಿಗೆ ಯೋಚಿಸಿದೆವು. ಆದರೆ ಹೀಗೆಯೇ ಮಳೆಗೆ ಅಂಜಿ ಹಿಂದೊಮ್ಮೆ ಮುಂದೂಡಿದ ಪ್ರವಾಸವು ನೆನಪಾಯಿತು.

ಆ ಸಂಗತಿಯನ್ನು ಹೇಳಿಬಿಡುವುದೇ ಒಳಿತು. 2010ರಲ್ಲಿ ಬಯಲುಸೀಮೆಯ ಹಳ್ಳಿಯೊಂದರಿಂದ ಈ ನಗರಕ್ಕೆ ಬಂದಾಗ ನಾವು ಸಮುದ್ರವನ್ನೇ ಕಂಡವರಲ್ಲ. ವಿಕ್ರಾಂತ ನೌಕೆಯು ಆಗ ಇಲ್ಲಿಯೇ ವಸ್ತುಸಂಗ್ರಹಾಲಯವಾಗಿ ನೀರಿನ ಮೇಲೆ ನಿಂತಿತ್ತು. "ನಿಮಗೆಲ್ಲ ಅದನ್ನು ತೋರಿಸುತ್ತೇವೆ" ಎಂದು ಅಂದಿನ ವಿದ್ಯಾರ್ಥಿಗಳಿಗೆ ಮಾತು ಕೊಟ್ಟೆವು. ಒಮ್ಮೆ ಮಳೆ ಅಡ್ಡ ಬಂದಿತು, ಒಮ್ಮೆ ಪರೀಕ್ಷೆ, ಒಮ್ಮೆ ನಮ್ಮದೇ ಆಲಸ್ಯ. ಸುರಕ್ಷಿತವಲ್ಲವೆಂದು 2012ರಲ್ಲಿ ಜನರ ಪ್ರವೇಶವನ್ನು ನಿಲ್ಲಿಸಿದರು. 2014ರಲ್ಲಿ ಹಡಗು ಒಡೆಯುವವರ ಪಾಲಾಯಿತು.

ಈಗ ಉಳಿದಿರುವುದು ಲಯನ್ ಗೇಟಿನ ಎದುರು, ವಾಹನಗಳು ಸುತ್ತುವ ರಸ್ತೆಯ ನಡುವೆ, ಆ ಹಡಗಿನದೇ ಲೋಹದಿಂದ ಮಾಡಿ 2016ರ ಜನವರಿಯಲ್ಲಿ ಅನಾವರಣಗೊಳಿಸಿದ ಸ್ಮಾರಕ. ರಸ್ತೆಯ ಅಂಚಿನಲ್ಲಿ ಕೊಡೆಗಳನ್ನು ಒತ್ತೊತ್ತಾಗಿ ಹಿಡಿದು ನಿಂತೆವು. ಎರಡನೆಯ ಮಹಾಯುದ್ಧಕ್ಕೆಂದು ಇಂಗ್ಲೆಂಡಿನಲ್ಲಿ ಕಟ್ಟತೊಡಗಿದ ನೌಕೆಯದು. ನೀರಿಗಿಳಿದದ್ದು 1945ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಅರೆಬರೆಯಾಗಿ ಬಿದ್ದಿದ್ದ ಅದನ್ನು ಭಾರತವು 1957ರಲ್ಲಿ ಕೊಂಡು, ಬೆಲ್‌ಫಾಸ್ಟಿನಲ್ಲಿ ಪೂರ್ಣಗೊಳಿಸಿ, 1961ರ ಮಾರ್ಚ್ 4ರಂದು ನೌಕಾದಳಕ್ಕೆ ಸೇರಿಸಿಕೊಂಡಿತು. ನಮ್ಮ ದೇಶದ ಮೊದಲ ವಿಮಾನವಾಹಕ ನೌಕೆ. 1971ರ ಯುದ್ಧದ ಹೊತ್ತಿಗೆ ಅದರ ಬಾಯ್ಲರ್ ಬಿರುಕು ಬಿಟ್ಟು ವೇಗವು ಕುಗ್ಗಿತ್ತು. ಆದರೂ ಬಂಗಾಳ ಕೊಲ್ಲಿಗೆ ಹೋಯಿತು. ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದವು.

"ಕಾಯಿಲೆಯ ಹಡಗನ್ನೇ ಕಳಿಸಿದರೇ?" ಎಂದು ಒಬ್ಬ ಹುಡುಗಿ ಮರುಗಿದಳು. ಉದ್ದವೆಷ್ಟೆಂದು ಇನ್ನೊಬ್ಬನು ಕೇಳಿದನು. ಸುಮಾರು 700 ಅಡಿ ಎಂದೆವು. ಅವನು ಸ್ಮಾರಕವನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಷ್ಟು ದೊಡ್ಡದು ಇಷ್ಟೇ ಆಯಿತೇ, ಸರ್?" ಎಂದನು. ಅದೇ ಹೆಸರಿನ ಹೊಸ ನೌಕೆಯು 2022ರಲ್ಲಿ ಕೊಚ್ಚಿಯಲ್ಲಿ ನೌಕಾದಳವನ್ನು ಸೇರಿತೆಂದು ಹೇಳಿದೆವು. ಅವನು ಕೇಳಿದ್ದು ಅದನ್ನಲ್ಲವೆಂದು ನಮಗೂ ಗೊತ್ತಿತ್ತು.

ಅಲ್ಲಿಂದ ಕೊಲಾಬಾದಲ್ಲಿರುವ ನೌಕಾ ಬಂಡಾಯದ ಸ್ಮಾರಕಕ್ಕೆ ನಡೆದೆವು. ಗಾಳಿಗೆ ಎರಡು ಕೊಡೆಗಳು ಮುರಿದವು. ಮರದಡಿಯಲ್ಲಿ ಡಬ್ಬಿ ಬಿಚ್ಚಿದರೆ ಚಪಾತಿಗಳು ನೆನೆದಿದ್ದವು. 1946ರ ಫೆಬ್ರವರಿ 18ರಂದು ತಲವಾರ್ ಎಂಬ ನೌಕಾ ತರಬೇತಿ ಕೇಂದ್ರದಲ್ಲಿ ಬಂಡಾಯವು ಮೊದಲಾದದ್ದೂ ಕೆಟ್ಟ ಊಟದಿಂದಲೇ ಎಂದು ಹೇಳಿದೆವು. ತಂದೆ ಹೋಟೆಲಿನಲ್ಲಿ ಅಡುಗೆಯವರಾಗಿರುವ ಬಾಲಕನೊಬ್ಬನು, "ಊಟ ಸರಿಯಿಲ್ಲ ಅಂತ ನಮ್ಮಪ್ಪನಿಗೂ ಜನ ಬೈಯ್ತಾರೆ ಸರ್, ಆದರೆ ಯಾರೂ ಬಂಡೇಳೋದಿಲ್ಲ" ಎಂದನು. ಎಲ್ಲರೂ ನಕ್ಕರು. ಆ ನಾವಿಕರು ಬಿಳಿಯರಿಗೆ ಸಮನಾದ ಸಂಬಳವನ್ನೂ, ಬೈಗುಳವಿಲ್ಲದ ನಡವಳಿಕೆಯನ್ನೂ, ಆಜಾದ್ ಹಿಂದ್ ಸೈನಿಕರ ಬಿಡುಗಡೆಯನ್ನೂ ಕೇಳಿದರೆಂದಾಗ ಅವನೇ ಮೊದಲು ಸುಮ್ಮನಾದನು.

ಹೊರಡುವ ವೇಳೆಗೆ ಒಂದು ಮೋಟಾರು ಸೈಕಲು ಬಂದು ನಿಂತಿತು. ನಾವು ಮಾತು ತಪ್ಪಿದ ಆ ತರಗತಿಯ ಹುಡುಗ. ಈಗ ಫೋರ್ಟಿನ ಕಚೇರಿಯೊಂದರಲ್ಲಿ ಗುಮಾಸ್ತ. ಹಿಂದಿನ ದಿನ ನಾವೇ ಫೋನಿನಲ್ಲಿ ಕರೆದಿದ್ದೆವು. ಅವನದು ಬಜಾಜ್ ಕಂಪನಿಯ 'ವಿ' ಎಂಬ ಗಾಡಿ. ವಿಕ್ರಾಂತದ ಲೋಹವನ್ನು ಬೆರೆಸಿ ಮಾಡಿದ್ದೆಂದು 2016ರಲ್ಲಿ ಹೆಸರಾದದ್ದು.

"ನೀವು ತೋರಿಸದ ಹಡಗಿನ ಮೇಲೆ ದಿನಾ ಕುಳಿತುಕೊಳ್ಳುತ್ತೇನೆ, ಸರ್" ಎಂದು ನಕ್ಕನು.

ನಮಗೆ ನಗಲಾಗಲಿಲ್ಲ. "ತಪ್ಪು ನಮ್ಮದಪ್ಪಾ" ಎಂದೆವು. ಅವನು ಮುಜುಗರದಿಂದ ಶಿರಸ್ತ್ರಾಣವನ್ನು ತೆಗೆದು ಹ್ಯಾಂಡಲಿಗೆ ಸಿಕ್ಕಿಸಿ, ಮಕ್ಕಳನ್ನು ಹತ್ತಿರ ಕರೆದನು. ಏಳು ಮಂದಿಯೂ ಒಬ್ಬೊಬ್ಬರಾಗಿ ಪೆಟ್ರೋಲ್ ಟ್ಯಾಂಕಿನ ಮೇಲೆ ಕೈಯಿಟ್ಟು ನೋಡಿದರು. ಕೊನೆಗೆ ನಾವೂ ಇಟ್ಟೆವು. ಮಳೆಯಲ್ಲಿ ಅದು ತಣ್ಣಗಿತ್ತು.