ಇಪ್ಪತ್ತು ಉಗುರಿನ ಆಮಿ

ಧಾರವಾಡ

ಪ್ರೀತಿಯ ತಮ್ಮಾ,

ನಿನ್ನೆ ಫೋನಿನ್ಯಾಗ ಪೂರಾ ಮಾತಾಡಾಕ ಆಗಲಿಲ್ಲ, ಬಾಜೂಕ ಅವ್ವ ಇದ್ಲು. ಅದಕ್ಕ ಬರ್ಯಾಕತ್ತೀನಿ. ನಿಪ್ಪಾಣಿ ಕಡಿಂದ ಯಾರೋ ಬಂದು, ಜುಗೂಳದ ಹೊಳ್ಯಾಗ ಇಪ್ಪತ್ತು ಉಗುರಿನ ಆಮಿ ಹಿಡಿದು ಕೊಟ್ರ ಲಕ್ಷಗಟ್ಟಲೆ ರೊಕ್ಕ ಕೊಡತೀನಿ ಅಂದ ಅಂದಿ. ನೀ ನಕ್ಕೋಂತ ಹೇಳಿದಿ ಖರೆ, ಆದ್ರ ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ ಅನ್ನೂದು ನನಗೂ ಗೊತ್ತೈತಿ.

ಮೊದಲ ಉಗುರಿನ ಲೆಕ್ಕಾ ಮುಗಸೂಣು. ನಮ್ಮ ಕಾಲುವ್ಯಾಗ, ಕೆರ್ಯಾಗ ಹೆಚ್ಚು ಕಾಣೂದು ಮೆತ್ತನ ಚಿಪ್ಪಿನ ಆಮಿ. ಅದರ ಕಾಲು ಅಗಲಿಸಿ ನೋಡು: ಬೆರಳು ಐದು, ನಡುವ ತೊಗಲಿನ ಪಡದೆ, ಉಗುರು ಮಾತ್ರ ಮೂರು. ನಾಕು ಕಾಲಿಗೆ ಹನ್ನೆರಡು, ಮುಗೀತು. ಒಣ ಕುರುಚಲು ಕಾಡಿನ್ಯಾಗ ಇರೋ ನಕ್ಷತ್ರ ಆಮಿಗೆ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಕ್ನಾಕು, ಒಟ್ಟ ಹದಿನೆಂಟು. ಇಪ್ಪತ್ತು ಎಲ್ಲಿಂದ ತರ್ತಿ? ಆದ್ರ ಹುಡುಕಾವ್ರು ಸಿಕ್ಕಿದ್ದನ್ನೆಲ್ಲಾ ಚೀಲಕ್ಕ ತುಂಬತಾರ, ಉಗುರು ಎಣಸ್ತಾರ, ಲೆಕ್ಕಕ್ಕ ಬರದಿದ್ದನ್ನ ಎಲ್ಲ್ಯರ ಒಗೀತಾರ. ಗುಡಿ ಮುಂದಿನ ಕಲ್ಲಿನ ಆಮಿಗೆ ಕೈ ಮುಗಿದು ಒಳಗ ಹೋಗಾವ್ರು ನಾವು. ಜೀವಂತ ಆಮಿಗೆ ಮಾತ್ರ ಈ ಗತಿ.

ನಮ್ಮ ಹೊಳಿ ಸೀಮ್ಯಾಗ ಇನ್ನೊಂದು ದೊಡ್ಡ ಮೆತ್ತನ ಚಿಪ್ಪಿನ ಆಮಿ ಐತಿ, ಲೀತ್ ಆಮಿ. ಚಿಪ್ಪೇ ಎರಡು ಫೂಟ್ ಬೆಳೀತೈತಿ. ಪುಣೆಯಾಗ ಸಿಕ್ಕ ಆಮಿ ನೋಡಿ 1872ರಾಗ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಅದನ್ನ ಶಾಸ್ತ್ರಕ್ಕ ತಂದ. ಪುಣೆ ನೀರು ಭೀಮೆಗೆ, ಭೀಮೆ ಕೃಷ್ಣೆಗೆ. ಅಂದ್ರ ಅದು ನಮ್ಮ ಹೊಳಿ ಬೀಗರದ್ದ. ಭಾರತದ ಪರ್ಯಾಯದ್ವೀಪದ ಹೊಳಿಗಳನ್ನ ಬಿಟ್ರ ಬ್ಯಾರೆ ಕಡೆ ಇಲ್ಲದ ಜಾತಿ, ಈಗ ಅಳಿವಿನ ಅಂಚಿಗೆ ಬಂದು ನಿಂತೈತಿ. ಅದೃಷ್ಟ ತರ್ತೈತಿ ಅನ್ನಾವ್ರಿಗೆ ಇದು ಬ್ಯಾಡ, ಯಾಕಂದ್ರ ಇದಕ್ಕೂ ಮೂರ ಉಗುರು!

ಸಣ್ಣ ಮೆತ್ತನ ಆಮಿ ಹಿಂಗಾಲು ಒಳಗ ಎಳಕೊಳ್ಳೂದನ್ನ ಯಾವಾಗರ ಸಮೀಪದಿಂದ ನೋಡಿಯೇನು? ಹೊಟ್ಟಿ ಕಡಿ ಎರಡು ತೊಗಲಿನ ಮುಚ್ಚಳ ಅದಾವ, ಕಾಲು ಒಳಗ ಹೋದ ಕೂಡ್ಲೆ ಅವು ಮ್ಯಾಲ ಕೂಡ್ತಾವ. ಅಥಣಿ ಮೂಡಣ ಕಡಿ ಕೆರಿ ಒಣಗಿ ಬಿರುಕು ಬಿಟ್ಟಾಗ ಇದು ಕೆಸರಿನ್ಯಾಗ ಹೂಳಿಕೊಂಡು ಮಳಿ ಬರೂತನಕ ಕಾಯ್ತೈತಿ. ಮಿರಗದ ಮಳಿಗೆ ‘ಆಮಿ ಮಣ್ಣಾಗಿಂದ ಹುಟ್ಟತಾವ’ ಅಂತಿದ್ದ ನಮ್ಮಜ್ಜ. ಅಂವ ಕಂಡಿದ್ದು ಸುಳ್ಳಲ್ಲ, ಹೊರಗ ಬರೂದನ್ನ ಹುಟ್ಟೂದು ಅಂದ, ಅಷ್ಟ.

ಆ ಚಿಪ್ಪು ಮನಿ ಅಲ್ಲ, ಮೈನ. ಬೆನ್ನೆಲುಬು, ಪಕ್ಕೆಲುಬು ಅಗಲಾಗಿ ಕೂಡಿ ಆದದ್ದು. ನಮ್ಮ ಹೆಗಲಿನ ಹಲಗಿ ಎಲುಬು ಪಕ್ಕೆಲುಬಿನ ಹೊರಗಿದ್ರ ಆಮಿದು ಒಳಗ. ಚೀನಾದಾಗ ಸಿಕ್ಕು 2008ರಾಗ ಪ್ರಕಟ ಆದ ಪಳೆಯುಳಿಕಿ ಒಂದೈತಿ, ಸುಮಾರು 22 ಕೋಟಿ ವರ್ಷದ್ದು. ಹೊಟ್ಟಿ ಚಿಪ್ಪು ಪೂರ್ತಿ, ಬೆನ್ನಿಂದು ಇನ್ನೂ ಆಗಿಲ್ಲ. ಪಕ್ಕೆಲುಬು ಅಳ್ಳಾಡದಂಗ ಆದ ಮ್ಯಾಲ ಎದಿ ಉಬ್ಬಿಸಿ ಉಸುರಾಡೂದು ಹ್ಯಾಂಗ? ಆಮಿ ಹೊಟ್ಟಿ ಸ್ನಾಯುಲೆ ಉಸುರಾಡ್ತೈತಿ. ಪಾಠ ಮಾಡುವಾಗ ಇಲ್ಲಿಗೆ ಬಂದ್ರ ನನ್ನ ತಾಸು ಮುಗದದ್ದ ಗೊತ್ತಾಗೂದಿಲ್ಲ.

ಚಿಪ್ಪಿನ ಆಕಾರದ್ದೂ ಒಂದು ಮಾತೈತಿ. ಹಂಗೇರಿ ದೇಶದ ಗಾಬೋರ್ ದೊಮೊಕೊಶ್ ಮತ್ತು ಪೀಟರ್ ವಾರ್ಕೊನಿ ಅಂತ ಇಬ್ರು, ಹ್ಯಾಂಗ ಇಟ್ರೂ ತಾನಾಗೇ ಎದ್ದು ಒಂದ ಮಗ್ಗಲಿಗೆ ನಿಲ್ಲೂ ಆಕಾರ ಹುಡುಕಿದ್ರು. ಚಿಂಚಲಿ ಜಾತ್ರ್ಯಾಗಿನ ಬೀಳದ ಗೊಂಬಿಗೆ ತಳದಾಗ ಭಾರ ಇರ್ತೈತಿ. ಇದಕ್ಕ ಆಕಾರ ಒಂದ ಸಾಕು. ಆ ಆಕಾರಕ್ಕ ಭಾಳ ಸನಿಹ ಬರೂದು ಯಾವ ಪ್ರಾಣಿ ಮೈ ಅಂದಿ? ನಮ್ಮ ನಕ್ಷತ್ರ ಆಮಿ ಬೆನ್ನು. ಗುಮ್ಮಟದಂಗ ಎತ್ತರ ಇರೂದ್ರಿಂದ ಅಂಗಾತ ಬಿದ್ರ ಉಳ್ಳಿ ಏಳಾಕ ಹಗರ ಆಗ್ತೈತಿ. ಆ ಇಬ್ರೂ 2008ರಾಗ ಆಮಿ ಚಿಪ್ಪು ಅಳದು ಲೇಖನ ಬರದ್ರು.

ಮತ್ತ ‘ಆಮಿಗೆ ಏನ್ ತಿಳೀತೈತಿ’ ಅಂದಿಯಲ್ಲ. ವಿಯೆನ್ನಾದ ಮೃಗಾಲಯದಾಗ ದೊಡ್ಡ ಆಮಿಗಳಿಗೆ ತಂತಮ್ಮ ಬಣ್ಣದ ಚೆಂಡು ಗುರ್ತಿಸಿ ಕಚ್ಚಾಕ ಕಲಿಸಿದ್ರು. ಚೆಂಡು ಕಚ್ಚೂ ಪಾಠ ಮೂರು ಆಮಿಗೆ ಒಂಬತ್ತು ವರ್ಷ ಬಿಟ್ಟು ಕೇಳಿದ್ರೂ ನೆನಪಿತ್ತು. 2019ರಾಗ ಪ್ರಕಟ ಆತು. ಗುಂಪಿನ್ಯಾಗ ಕಲತವು ಒಂಟಿಯಾಗಿ ಕಲತವುಕಿಂತ ಲಗೂನ ಕಲತ್ವಂತ. ನಿನ್ನ ಹತ್ತನೇತ್ತೆ ಗಣಿತ ನೆನಸಿಕೊಂಡು ನಕ್ಕೆ, ಸಿಟ್ಟಾಗಬ್ಯಾಡ.

ಈಗ ಕೆಲಸದ ಮಾತು. ಹೊಳಿ ದಂಡ್ಯಾಗ ಪೈಪ್ ಹೂಳಾಕ ಅಗೀವಾಗ ದುಂಡನ ಬಿಳಿ ತತ್ತಿ ಸಿಕ್ರ ಎತ್ತಿ ತಿರುಗಿಸಬ್ಯಾಡ. ಕೋಳಿ ತನ್ನ ತತ್ತಿ ದಿನಾ ತಿರುವ್ತೈತಿ. ಆಮಿ ತತ್ತ್ಯಾಗ ಭ್ರೂಣ ಮ್ಯಾಲಿನ ಪದರಿಗೆ ಅಂಟಿಕೊಂಡಿರ್ತೈತಿ, ತಿರುವಿದ್ರ ಸಾಯ್ತೈತಿ. ಅದ ಮಣ್ಣು ಹಗರಕ ಮುಚ್ಚಿ, ಒಂದು ಕೋಲು ನಟ್ಟು ನನಗ ಫೋನ್ ಹಚ್ಚು. ಮರಿ ಬರಾಕ ತಿಂಗಳುಗಟ್ಟಲೆ ಬೇಕು, ಪೈಪ್ ತುಸು ಬಾಜೂಕ ಹಾಕಿದ್ರ ನಡೀತೈತಿ.

ಆ ಮನಷ್ಯಾ ಮತ್ತ ಬಂದ್ರ ಜಗಳ ತಗೀಬ್ಯಾಡ, ಗಾಡಿ ನಂಬರ್ ಬರಕೊಂಡು ಅರಣ್ಯ ಇಲಾಖೆಯವ್ರಿಗೆ ತಿಳಸು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿದಾವನೂ, ಮನ್ಯಾಗ ಇಟ್ಟಾವನೂ ಜೇಲಿಗೆ ಹೋಗ್ತಾನ. ಬೀಜಕ್ಕ, ಗೊಬ್ಬರಕ್ಕ ರೊಕ್ಕ ಕಡಿಮಿ ಬಿದ್ರ ನನಗ ಹೇಳು, ಸಂಕೋಚ ಮಾಡಬ್ಯಾಡ. ಅವ್ವನ ಬಿಪಿ ಗುಳಿಗಿ ಸೋಮವಾರ ಮುಗೀತಾವ, ಕಾಗವಾಡಕ್ಕ ಹೋದಾಗ ಮರೀದೆ ತಾ.

ನಿನ್ನ
ಅಕ್ಕ