ಸ್ಟೇರಿಂಗ್ ತಿರುಗಿಸೋದೇ ಬೇಡದ ರಸ್ತೆ

ನಮ್ಮಪ್ಪ ಮೂವತ್ತೆರಡು ವರ್ಷ ಬಸ್ ಓಡಿಸಿದವರು. ಅದರಲ್ಲಿ ಅರ್ಧ ಆಯಸ್ಸು ಶಿರಾಡಿ ಘಾಟಿಯ ತಿರುವುಗಳಲ್ಲೇ ಕಳೆಯಿತು. ಸಕಲೇಶಪುರ ದಾಟಿದ ಮೇಲೆ ಮಳೆ, ಮಂಜು, ಎದುರಿಗೆ ಟ್ಯಾಂಕರ್ ಸಾಲು. ರಿಟೈರ್ ಆದ ಮೇಲೆ ಅವರಿಗಿದ್ದ ಆಸೆ ಒಂದೇ, ಮರುಭೂಮಿ ನೋಡಬೇಕು. ಹಿಂದೆ ಅವರ ನೈಟ್ ಬಸ್ಸಿಗೆ ರಜೆಯಲ್ಲಿ ಊರಿಗೆ ಬರುವ ಸೈನಿಕರೊಬ್ಬರು ಹತ್ತುತ್ತಿದ್ದರಂತೆ. ಜೈಸಲ್ಮೇರ್ ಕಡೆ ಪೋಸ್ಟಿಂಗ್. ಕ್ಯಾಬಿನ್ ಪಕ್ಕ ಕೂತು, "ಅಲ್ಲಿ ರಸ್ತೆ ಹೆಂಗಿದೆ ಗೊತ್ತಾ ಡ್ರೈವರ್ ಸಾಹೇಬ್ರೆ, ಸ್ಟೇರಿಂಗ್ ತಿರುಗಿಸೋದೇ ಮರೆತುಹೋಗುತ್ತೆ" ಅಂತ ಹೇಳುತ್ತಿದ್ದರಂತೆ. ಈ ಮಾತನ್ನ ಅಪ್ಪ ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಟ್ಟಿಲ್ಲ.

ಈ ವರ್ಷ ಅವರಿಗೆ ಅರವತ್ತೈದು ತುಂಬಿತು. ನನಗೂ ಡಿಸೆಂಬರ್‌ನಲ್ಲಿ ಒಂಬತ್ತು ದಿನ ರಜೆ ಉಳಿದಿತ್ತು. ಜೋಧಪುರದವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು, ನಾನು, ಅಪ್ಪ, ಅಮ್ಮ. ಶನಿವಾರ ರಾತ್ರಿ ಕೂತು ಎಕ್ಸೆಲ್ ಶೀಟ್ ಮಾಡಿದೆ. ಬಣ್ಣಬಣ್ಣದ ಕಾಲಮ್ಮು, ಪ್ರತಿ ಗಂಟೆಗೂ ಲೆಕ್ಕ. ಮೊದಲ ದಿನ ಮಧ್ಯಾಹ್ನ ಇಳಿಯೋದು, ಮೆಹ್ರಾನ್‌ಗಢ ಕೋಟೆ ನೋಡೋದು, ಸಂಜೆ ಐದಕ್ಕೆ ಹೊರಟು ರಾತ್ರಿ ಹತ್ತಕ್ಕೆ ಜೈಸಲ್ಮೇರ್. ಸುಮಾರು 280 ಕಿ.ಮೀ. ತಾನೇ, ಮೈಸೂರಿಗೆ ಹೋಗಿ ಬಂದಷ್ಟೇ ಅಂದುಕೊಂಡಿದ್ದೆ. ಪ್ರಿಂಟ್ ತೆಗೆದು ಊರಿಗೆ ಹೋದಾಗ ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಪೆನ್ಸಿಲ್ ತಗೊಂಡು ಜಗಲಿ ಮೇಲೆ ಕೂತರು. ಅರ್ಧ ಗಂಟೆ ಆದಮೇಲೆ ನೋಡಿದರೆ ನನ್ನ ಶೀಟಿನಲ್ಲಿ ಕಾಟು ಹೊಡೆಯದ ಸಾಲೇ ಕಮ್ಮಿ.

"ಇದೇನ್ ಪುಟ್ಟಿ, ಸಾಯಂಕಾಲದ ಮೇಲೆ ಪಡುವಣಕ್ಕೆ ಗಾಡಿ ಓಡಿಸ್ತಾರಾ? ಬಿಸಿಲು ಸೀದಾ ಕಣ್ಣಿಗೆ ಹೊಡಿಯುತ್ತೆ. ಕತ್ತಲಾದ್ಮೇಲೆ ಒಂಟೆ, ದನ ರಸ್ತೆ ಮೇಲೇ ನಿಂತಿರ್ತವೆ. ಬೆಳಿಗ್ಗೆ ಹೊರಡು, ಸೂರ್ಯ ಬೆನ್ನಿಗಿರ್ತಾನೆ."

ಇದು ನನ್ನ ಯಾವ ಟ್ರಾವೆಲ್ ವ್ಲಾಗಿನಲ್ಲೂ ಸಿಕ್ಕಿರಲಿಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟೋದೇ ಏಳು ದಾಟಿದ ಮೇಲೆ, ಆರಕ್ಕೆಲ್ಲ ಮುಳುಗಿರುತ್ತಾನೆ. ಕೈಯಲ್ಲಿರುವ ಹಗಲು ಹತ್ತೂವರೆ ಗಂಟೆಯಷ್ಟೇ.

ಅಪ್ಪನ ತಿದ್ದುಪಡಿಯಿಂದ ಪ್ಲಾನ್ ನಿಜವಾಗಿಯೂ ಚೆನ್ನಾಯಿತು. ಜೋಧಪುರದಲ್ಲಿ ಒಂದು ರಾತ್ರಿ ಉಳಿಯೋದು. ಮಾರನೇ ದಿನ ನೇರ ಹೆದ್ದಾರಿ ಬಿಟ್ಟು ಉತ್ತರಕ್ಕೆ ಸುತ್ತಿ ಓಸಿಯಾನ್. ಅಲ್ಲಿ ಹಳೇ ದೇವಸ್ಥಾನಗಳೂ ಇವೆ, ಮೊದಲ ಮರಳ ದಿಬ್ಬಗಳೂ ಸಿಗುತ್ತವೆ. ರಾತ್ರಿ ಫಲೋಡಿ. ಅದರ ಪಕ್ಕದ ಖೀಚನ್ ಹಳ್ಳಿ ಅಮ್ಮನ ಆಯ್ಕೆ. ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಬರುವ ಕೊಕ್ಕರೆ ಜಾತಿಯ ಹಕ್ಕಿಗಳು, ಅಲ್ಲಿನವರ ಬಾಯಲ್ಲಿ ಕುರ್ಜಾ, ಚಳಿಗಾಲ ಪೂರ್ತಿ ಇಲ್ಲೇ ಇರುತ್ತವೆ. ಊರವರು ಬೆಳಿಗ್ಗೆ ಕಾಳು ಹರಡಿದರೆ ಸಾವಿರಾರು ಬಂದು ಇಳಿಯುತ್ತವಂತೆ. ಅಮ್ಮ ಇದನ್ನ ಟೀವಿಯಲ್ಲಿ ನೋಡಿದ್ದೇ, "ಕೋಟೆ ಬೇಕಾದ್ರೆ ಬಿಡಿ, ಇದನ್ನ ಬಿಡಬೇಡಿ" ಅಂದುಬಿಟ್ಟರು. ಆಮೇಲೆ ಪೋಖರಣ್ ದಾಟಿ, ಮಧ್ಯಾಹ್ನದ ಬಿಸಿಲು ಎದುರಿಗೆ ಬರುವಷ್ಟರಲ್ಲಿ ಜೈಸಲ್ಮೇರ್.

ಜೈಸಲ್ಮೇರ್‌ಗೆ ನಾನು ಒಂದೇ ದಿನ ಇಟ್ಟಿದ್ದೆ. ಅದು ಮೂರಾಯಿತು. ಕೋಟೆ 1156ರದ್ದು, ಒಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ನೋಡೋಕೆ ಅರ್ಧ ದಿನವಾದರೂ ಬೇಕು. ಸಮ್ ದಿಬ್ಬಗಳು ನಲವತ್ತು ಕಿ.ಮೀ. ದೂರ. ಸೂರ್ಯಾಸ್ತ ನೋಡಿ ಕತ್ತಲಲ್ಲಿ ಊರಿಗೆ ವಾಪಸ್ ಬರೋದು ಅಂತ ಬರೆದಿದ್ದೆ. ಅಪ್ಪ ಅದನ್ನ ಹೊಡೆದು, "ಅಲ್ಲೇ ಮಲಗೋಣ" ಅಂತ ಬರೆದಿದ್ದರು. ನಾನು ಸಮ್ ಬದಲು ಖೂರಿ ಹಾಕಿದೆ. ಸಮ್‌ನಲ್ಲಿ ಡಿಜೆ ಗಲಾಟೆ ಜಾಸ್ತಿ ಅಂತ ಹೋಗಿ ಬಂದ ಸಹೋದ್ಯೋಗಿಗಳೆಲ್ಲ ಹೇಳಿದ್ದರು. ಕೊನೇ ದಿನ ತನೋಟ್ ಮತ್ತು ಲೋಂಗೇವಾಲಾ. 1965ರ ಯುದ್ಧದಲ್ಲಿ ಬಿದ್ದೂ ಸಿಡಿಯದ ಶೆಲ್‌ಗಳನ್ನು ತನೋಟ್ ಮಾತೆಯ ಗುಡಿಯಲ್ಲಿ ಇಟ್ಟಿದ್ದಾರೆ, ಗುಡಿ ನಡೆಸೋದು ಬಿಎಸ್ಎಫ್. ಲೋಂಗೇವಾಲಾ ಅಂದರೆ 1971ರ ಡಿಸೆಂಬರ್‌ನಲ್ಲಿ ಟ್ಯಾಂಕ್ ಕಾಳಗ ನಡೆದ ಜಾಗ. ಹೋಗಿ ಬರೋದು ಮುನ್ನೂರು ಕಿ.ಮೀ. ಹತ್ತಿರ. ಜೈಸಲ್ಮೇರ್‌ನಲ್ಲೇ ಟ್ಯಾಂಕ್ ಫುಲ್, ಇಪ್ಪತ್ತು ಲೀಟರ್ ನೀರು, ಫೋನಲ್ಲಿ ಆಫ್‌ಲೈನ್ ಮ್ಯಾಪ್, ಎಲ್ಲರ ಗುರುತಿನ ಚೀಟಿ.

ಆ ಸೈನಿಕರು ಹೇಳುತ್ತಿದ್ದ ರಸ್ತೆ ಇದೇ. ಅಲ್ಲಿ ಮಾತ್ರ ಅಪ್ಪ ಪೆನ್ಸಿಲ್‌ನಲ್ಲಿ ಏನೂ ತಿದ್ದಿರಲಿಲ್ಲ.

ಎಲ್ಲ ಸರಿ ಹೋಯಿತು ಅನ್ನುವಾಗ ಬಾಡಿಗೆ ಕಾರಿನ ಆ್ಯಪ್ ಇಬ್ಬರ ಡಿಎಲ್ ಫೋಟೋ ಕೇಳಿತು. ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಬ್ಲೂ ಟಿಕ್ ಬಂತು, ಫೋಟೋ ಬರಲಿಲ್ಲ. ಫೋನ್ ಮಾಡಿದರೆ, "ಹುಡುಕ್ತೀನಿ ತಾಳು, ಬೀರುಲಿ ಇರಬೇಕು." ಮೂರು ದಿನ ಬೀರುವಿನಲ್ಲೇ ಇತ್ತು. ನಮ್ಮಪ್ಪ ಡಿಎಲ್ ಎಲ್ಲಿದೆ ಅಂತ ಹುಡುಕುವ ಮನುಷ್ಯ ಅಲ್ಲ. ಅದು ಅವರ ಎಡ ಜೇಬಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಧರ್ಮಸ್ಥಳದ ಫೋಟೋ ಹಿಂದೆ ಇರುತ್ತೆ.

ನಾಲ್ಕನೇ ದಿನ ಅಮ್ಮ ತಾವಾಗೇ ಫೋನ್ ಮಾಡಿದರು. ದನಿ ತಗ್ಗಿಸಿ, "ಅವರ ಲೈಸೆನ್ಸು ಮುಗಿದುಹೋಗಿದೆ ಕಣೇ. ರಿನ್ಯೂ ಮಾಡಿಸೋಕೆ ಡಾಕ್ಟರ್ ಸರ್ಟಿಫಿಕೇಟ್ ಬೇಕಂತೆ, ಕಣ್ಣು ತೋರಿಸಬೇಕಂತೆ. ಹೋಗ್ತಾನೇ ಇಲ್ಲ."

ಆಗ ಒಂದೊಂದೇ ನೆನಪಾಗತೊಡಗಿತು. ಕೆಲವು ತಿಂಗಳಿಂದ ಅಪ್ಪ ಬೆಂಗಳೂರಿಗೆ ಬಸ್ಸಿನಲ್ಲೇ ಬರುತ್ತಿದ್ದರು, ಕೇಳಿದರೆ "ಪೆಟ್ರೋಲ್ ದುಬಾರಿ" ಅನ್ನುತ್ತಿದ್ದರು. ಹಬ್ಬಕ್ಕೆ ಹೋದಾಗ ಕಾರಿನ ಎಡಗಡೆ ಬಾಗಿಲಿಗೆ ಗೇಟಿನ ಬಣ್ಣ ಮೆತ್ತಿತ್ತು. ನನ್ನ ಶೀಟಿನಲ್ಲಿ ಕಾಟು ಬಿದ್ದ ಸಾಲುಗಳನ್ನ ಮತ್ತೆ ತೆಗೆದು ನೋಡಿದೆ. ಒಂದು ಬಿಡದೆ ಎಲ್ಲವೂ ಸಂಜೆ ಐದೂವರೆ ಆದಮೇಲಿನವು. ಒಂಟೆ, ದನ ಎಲ್ಲ ನಿಜವೇ. ಆದರೆ ಅವರು ಬರೀ ಒಂಟೆಗೆ ಹೆದರಿರಲಿಲ್ಲ.

ಏನು ಮಾಡಬೇಕು ಅಂತ ಎರಡು ದಿನ ತೋಚಲಿಲ್ಲ. ಟ್ರಿಪ್ಪೇ ಕ್ಯಾನ್ಸಲ್ ಮಾಡೋಣ ಅನ್ನಿಸಿತು. ಟೂರ್ ಪ್ಯಾಕೇಜಿಗೆ ಬದಲಾಯಿಸೋಣ ಅಂತಲೂ ಅನ್ನಿಸಿತು. ಗೊತ್ತಿಲ್ಲದವಳ ಹಾಗೆ ಇದ್ದುಬಿಡೋದು ಎಲ್ಲಕ್ಕಿಂತ ಸುಲಭವಾಗಿತ್ತು. ಕೊನೆಗೆ ಊರಿಗೆ ಹೋಗಿ ಸೀದಾ ಕೇಳಿಬಿಟ್ಟೆ, "ಅಪ್ಪ, ಕಣ್ಣು ತೋರಿಸೋಕೆ ಯಾಕೆ ಹೋಗ್ತಿಲ್ಲ ನೀವು?"

"ತೋರಿಸಿದ್ರೆ ಓಡಿಸಬೇಡಿ ಅಂತಾರೆ. ತೋರಿಸದೇ ಇದ್ರೆ ಯಾರೂ ಅನ್ನಲ್ವಲ್ಲ" ಅಂದರು. ನಗುತ್ತಾ ಅಂದರು. ನನಗೆ ನಗು ಬರಲಿಲ್ಲ.

ಮಾರನೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಒತ್ತಡ ನೋಡಿದರು, ಆಮೇಲೆ ಇನ್ನೊಂದು ಪರೀಕ್ಷೆ. ಬಟ್ಟಲಿನಂಥ ಒಂದು ಯಂತ್ರಕ್ಕೆ ಗಲ್ಲ ಕೊಟ್ಟು ಕೂರಬೇಕು, ದಿಟ್ಟಿಸಿ ಮುಂದೆ ನೋಡಬೇಕು, ಅಲ್ಲಿ ಇಲ್ಲಿ ಚುಕ್ಕಿ ಬೆಳಕು ಬಂದಾಗೆಲ್ಲ ಬಟನ್ ಒತ್ತಬೇಕು. ಅಪ್ಪ ಹೊರಗೆ ಬಂದು ಪಕ್ಕದಲ್ಲಿ ಕೂತು, "ಅದೇನೋ, ಎಡಗಡೆ ಅವರು ಜಾಸ್ತಿ ಲೈಟೇ ಹಾಕ್ಲಿಲ್ಲ" ಅಂದರು.

ಗ್ಲಾಕೋಮ. ಕಣ್ಣಿನ ನರ ಸವೆಯುವ ಕಾಯಿಲೆ. ಸಾಮಾನ್ಯವಾಗಿ ನೋವಿರಲ್ಲ, ಉರಿ ಇರಲ್ಲ. ದೃಷ್ಟಿ ಅಂಚಿನಿಂದ ಹೋಗುತ್ತಾ ಬರುತ್ತೆ, ಎದುರಿನದು ಚೆನ್ನಾಗೇ ಕಾಣುವುದರಿಂದ ಮನುಷ್ಯನಿಗೆ ತಿಳಿಯೋದೇ ಇಲ್ಲ. ಹೋದದ್ದು ವಾಪಸ್ ಬರಲ್ಲ, ಇರೋದನ್ನ ದಿನಾ ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬೇಕು ಅಂದರು ಡಾಕ್ಟರು. ಇನ್ನೂ ಮೊದಲೇ ಬಂದಿದ್ದರೆ ಅಂತ ಒಂದು ಮಾತು ಅಂದು ಅರ್ಧಕ್ಕೇ ನಿಲ್ಲಿಸಿದರು. ಇದು ಮನೆತನದಲ್ಲಿ ಬರಬಹುದು ಅಂತ ನನ್ನ ಕಣ್ಣನ್ನೂ ಪರೀಕ್ಷೆ ಮಾಡಿದರು. ಸದ್ಯಕ್ಕೆ ಏನಿಲ್ಲ. ನಿಮ್ಮ ಮನೇಲಿ ಯಾರಿಗಾದರೂ ಇದ್ದರೆ ದಯವಿಟ್ಟು ನೀವೂ ಒಂದು ಸಲ ತೋರಿಸಿಕೊಳ್ಳಿ.

ವಾಪಸ್ ಬರುವಾಗ ಕಾರು ನಾನು ಓಡಿಸಿದೆ. ಅಪ್ಪ ಪಕ್ಕದಲ್ಲಿದ್ದಾಗ ನನ್ನ ಕೈಗೆ ಸ್ಟೇರಿಂಗ್ ಬಂದದ್ದು ಅದೇ ಮೊದಲು. ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನ ಒತ್ತುತ್ತಲೇ ಇತ್ತು.

ಅವತ್ತು ರಾತ್ರಿ ನನಗೊಂದು ಕೆಟ್ಟ ಐಡಿಯಾ ಬಂತು. ತನೋಟ್ ರಸ್ತೆಯಲ್ಲಿ ಹಗಲು ಹೊತ್ತಲ್ಲಿ, ಎದುರಿಗೆ ಯಾರೂ ಇಲ್ಲದಿದ್ದಾಗ, ಒಂದೆರಡು ಕಿಲೋಮೀಟರ್ ಅವರಿಗೇ ಕೊಟ್ಟರೆ? ಊಟ ಮಾಡುವಾಗ ಹೇಳಿಯೂಬಿಟ್ಟೆ. ಅಪ್ಪ ತುತ್ತು ಕೆಳಗಿಟ್ಟರು.

"ಲೈಸೆನ್ಸ್ ಇಲ್ಲದೆ ಒಂದು ಫರ್ಲಾಂಗೂ ಓಡಿಸಿದೋನಲ್ಲ ನಾನು. ಎಡಗಡೆಯಿಂದ ಒಂದು ಕುರಿಮರಿ ನುಗ್ಗಿದ್ರೆ ಏನ್ ಮಾಡ್ತೀಯ? ಕುರಿ ಆದ್ರೆ ಸರಿ. ಕುರಿ ಹಿಂದೆ ಹುಡುಗನೂ ಇರ್ತಾನೆ."

ಆಮೇಲೆ ಯಾರೂ ಮಾತಾಡಲಿಲ್ಲ. ಅಮ್ಮ ಮೊಸರು ಬಡಿಸಿದರು.

ಒಂದು ವಾರ ಅಪ್ಪ ಟ್ರಿಪ್ಪಿನ ವಿಷಯ ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ. ಬುಕಿಂಗ್ ಮಾತ್ರ ಹಾಗೇ ಬಿಟ್ಟಿದ್ದೆ, ಡ್ರೈವರ್ ಅನ್ನೋ ಕಡೆ ನನ್ನದೊಂದೇ ಹೆಸರು. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂತು.

"ಆ ಬಾಡಿಗೆ ಗಾಡಿಗೆ ಸ್ಟೆಪ್ನಿ ಇದೆಯೋ ಇಲ್ವೋ ಕೇಳಿದ್ಯಾ?"

"ಇಲ್ಲಪ್ಪ."

"ಕೇಳು. ಜಾಕಿ, ವ್ಹೀಲ್ ಸ್ಪ್ಯಾನರ್ ಇದೆಯಾ ಅಂತಾನೂ ಕೇಳು. ಮರಳಲ್ಲಿ ಟೈರ್ ಇಳಿಸಬೇಡ, ಗಾಡಿ ಎಷ್ಟೇ ದೊಡ್ಡದಿರ್ಲಿ. ನೇರ ರಸ್ತೆ ಅಂತ ನೂರಿಪ್ಪತ್ತು ಹೊಡಿಯೋಕ್ ಹೋಗ್ಬೇಡ. ನೇರ ರಸ್ತೆಲಿ ನಿದ್ದೆ ಬರುತ್ತೆ. ಗಂಟೆಗೊಂದ್ಸಲ ಇಳಿದು ಮುಖ ತೊಳ್ಕೊ."

"ಸರಿ ಅಪ್ಪ."

"ನಂದೊಂದು ಕಾಲಮ್ ಹಾಕು ನಿನ್ನ ಶೀಟಲ್ಲಿ."

"ಏನಂತ ಹಾಕ್ಲಿ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಅಮ್ಮ ಕಾಫಿ ಲೋಟ ಇಟ್ಟ ಸದ್ದು ಕೇಳಿತು.

"ಕಂಡಕ್ಟರ್ ಅಂತ ಹಾಕು."

ಹಾಕಿದ್ದೀನಿ. ಹೊರಡೋಕೆ ಇನ್ನು ಹನ್ನೊಂದು ದಿನ ಇದೆ. ಡ್ರಾಪ್ಸ್ ಹಾಕುವ ಹೊತ್ತಿಗೆ, ಬೆಳಿಗ್ಗೆ ಎಂಟು, ರಾತ್ರಿ ಎಂಟು, ಬೇರೆ ಬಣ್ಣ ಕೊಟ್ಟಿದ್ದೀನಿ. ನಿನ್ನೆ ಅಪ್ಪ ಪೇಟೆಗೆ ಹೋಗಿ ಹಳೇ ಬಸ್ ಡ್ರೈವರ್‌ಗಳು ಹಾಕುವಂಥ ಕರೀ ಕನ್ನಡಕ ಎರಡು ತಂದಿದ್ದಾರಂತೆ. ಒಂದು ಅವರಿಗೆ, ಇನ್ನೊಂದು ನನಗೆ.